ಚರ್ಚಿಲ್ ಬಂದಿದ್ದನಂತೆ, ಸರಿ, ಬಿಸಿನೀರು ಬರುತ್ತಾ?

ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವವರಿಗೆ ಸಂಬಳವಿಲ್ಲದ ಇನ್ನೊಂದು ಉದ್ಯೋಗ ಇರುತ್ತೆ: ಹೊರಗಿನಿಂದ ಬರುವವರಿಗೆ ರೂಮು ನೋಡೋದು. ಲಂಡನ್ ಆಫೀಸಿನಿಂದ ಮ್ಯಾನೇಜರ್ ಬರ್ತಾರೆ. ದಾವಣಗೆರೆಯಿಂದ ಚಿಕ್ಕಪ್ಪನ ಮಗಳು ಇಂಟರ್‌ವ್ಯೂಗೆ ಬರ್ತಾಳೆ. ಅಪ್ಪನಿಗೆ ಹೃದ್ರೋಗ ತಜ್ಞರ ಅಪಾಯಿಂಟ್‌ಮೆಂಟ್ ಸಿಕ್ಕಿರುತ್ತೆ. ಎಲ್ಲರೂ ಕೇಳೋದು ಒಂದೇ: "ಅಲ್ಲಿ ಉಳಿಯೋಕೆ ಯಾವುದು ಚೆನ್ನಾಗಿದೆ?"

ಲಂಡನ್ನಿನವರ ಪ್ರಶ್ನೆಗೆ ಮಾತ್ರ ಒಂದು ಬಾಲ ಇರುತ್ತೆ. ಗಾಜಿನ ಡಬ್ಬಿ ಬೇಡ, ಏನಾದ್ರೂ ಹಳೇದು, ಇತಿಹಾಸ ಇರೋದು ಹೇಳು ಅಂತ. ಅವರ ದೇಶದಲ್ಲಿ ಅದು ಸಹಜವಾದ ಬೇಡಿಕೆ. ಅಲ್ಲಿ ಸಣ್ಣ ಊರಲ್ಲೂ ನೂರಾರು ವರ್ಷ ಹಳೆಯ ಒಂದು ಇನ್ ಸಿಗುತ್ತೆ. ಕೆಳಗೆ ಪಬ್ಬು, ಮೇಲೆ ಐದಾರು ರೂಮು, ತಲೆಗೆ ಬಡಿಯುವ ಮರದ ತೊಲೆ. ಊರಾಚೆ ಹೈವೇ ಪಕ್ಕದಲ್ಲಿ ಹೊಸ ಹೋಟೆಲ್ಲೂ ಸಿಗುತ್ತೆ. ಒಂದರಲ್ಲಿ ಕಥೆ ಚೆನ್ನಾಗಿರುತ್ತೆ, ಇನ್ನೊಂದರಲ್ಲಿ ಶವರ್ ಚೆನ್ನಾಗಿರುತ್ತೆ. ಯಾವುದು ಬೇಕೋ ಆರಿಸಿಕೊಳ್ಳಿ.

ನಮ್ಮ ಕಡೆ ಈ ಆಯ್ಕೆ ಇದೆಯಾ? ಇದ್ದರೆ ಯಾವುದಕ್ಕೆ ದುಡ್ಡು ಕೊಡಬೇಕು? ಟ್ರಾವೆಲ್ ಆ್ಯಪುಗಳಲ್ಲಿ 'ಹೆರಿಟೇಜ್' ಅಂತ ಒಂದು ಫಿಲ್ಟರ್ ಇದೆ. ಅದನ್ನ ಒತ್ತಿದ ಕೂಡಲೇ ರೇಟು ಏರುತ್ತೆ. ಏರಿದ ರೇಟಿಗೆ ನಮಗೆ ಸಿಗೋದು ಏನು ಅಂತ ಯಾರೂ ವಿಮರ್ಶೆ ಬರೆಯಲ್ಲ. ಸಿನಿಮಾಗೆ ಬರೀತೀವಿ, ಪುಸ್ತಕಕ್ಕೆ ಬರೀತೀವಿ, ಮಸಾಲೆ ದೋಸೆಗೂ ಬರೀತೀವಿ. ತಂಗುವ ಜಾಗಕ್ಕೆ ಮಾತ್ರ ಐದಕ್ಕೆ ನಾಲ್ಕು ಸ್ಟಾರ್ ಒತ್ತಿ ಮುಂದೆ ಹೋಗ್ತೀವಿ. ಆದ್ದರಿಂದ ಇಲ್ಲಿ ಒಂದಿಷ್ಟು ವಿಮರ್ಶೆ.

ಮೊದಲು ವೈಟ್‌ಫೀಲ್ಡಿನ ನಿಜವಾದ ಹಳೆಯ ಇನ್ ಬಗ್ಗೆ. ಹೌದು, ಇಲ್ಲೊಂದು ಇನ್ ಇತ್ತು. ಐಟಿಪಿಎಲ್ ಗಾಜು ಮಾತ್ರ ನೋಡಿದವರಿಗೆ ಇದು ಆಶ್ಚರ್ಯ ಅನ್ನಿಸಬಹುದು. 1882ರಲ್ಲಿ ಮೈಸೂರು ಮಹಾರಾಜರಾಗಿದ್ದ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಇಲ್ಲಿ ಸುಮಾರು 3,900 ಎಕರೆ ಜಮೀನು ಕೊಟ್ಟರು. ಆ ಸಂಘ ಕಟ್ಟಿದ ಡಿ. ಎಸ್. ವೈಟ್ ಹೆಸರೇ ಊರಿಗೆ ಬಂತು. ಇಂಗ್ಲೆಂಡೂ ಪೂರ್ತಿ ತಮ್ಮದಲ್ಲ, ಇಂಡಿಯಾವೂ ಪೂರ್ತಿ ತಮ್ಮದಲ್ಲ ಅನ್ನುವ ಸ್ಥಿತಿಯಲ್ಲಿದ್ದ ಕುಟುಂಬಗಳು ಬೇಸಾಯ ಮಾಡಿಕೊಂಡು ಇರಲಿ ಅನ್ನೋದು ಯೋಜನೆ. ನಡುವೆ ಒಂದು ಹಸಿರು ಬಯಲು, ಸುತ್ತ ದುಂಡಗೆ ರಸ್ತೆ, ರಸ್ತೆಗೆ ಮುಖ ಮಾಡಿ ಮನೆಗಳು. ಇವತ್ತಿಗೂ ಅದನ್ನ ಇನ್ನರ್ ಸರ್ಕಲ್ ಅಂತಾರೆ. 1886ರ ಮೆಮೋರಿಯಲ್ ಚರ್ಚು ಅಲ್ಲೇ ಇದೆ. ಹೋಪ್ ಫಾರ್ಮ್ ಅನ್ನೋ ಹೆಸರು ಈಗ ಚನ್ನಸಂದ್ರದ ಜೊತೆ ಸೇರಿ ಮೆಟ್ರೋ ಸ್ಟೇಷನ್ನಿನ ಬೋರ್ಡಲ್ಲಿ ಉಳಿದಿದೆ.

ಈ ಊರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಅನ್ನುವವರು ನಡೆಸುತ್ತಿದ್ದದ್ದು ವೇವರ್ಲಿ ಇನ್. ಅದರ ಬಗ್ಗೆ ಬೆಂಗಳೂರಿನ ಪತ್ರಿಕೆಗಳಲ್ಲಿ ಎಷ್ಟು ಸಲ ಲೇಖನ ಬಂದಿದ್ದರೂ ಬಂದದ್ದು ಒಂದೇ ಕಥೆ. ವಿನ್‌ಸ್ಟನ್ ಚರ್ಚಿಲ್ ದಂಡಿನಲ್ಲಿದ್ದಾಗ ಇಲ್ಲಿಗೆ ಬರುತ್ತಿದ್ದನಂತೆ, ಹ್ಯಾಮಿಲ್ಟನ್ನರ ಮಗಳು ರೋಸ್ ಮೇಲೆ ಅವನಿಗೆ ಮನಸ್ಸಾಗಿತ್ತಂತೆ.

ಈ 'ಅಂತೆ'ಗಳನ್ನ ಸ್ವಲ್ಪ ಬಿಡಿಸಿ ನೋಡೋಣ. ಚರ್ಚಿಲ್ 1896ರಲ್ಲಿ ನಾಲ್ಕನೇ ಹುಸಾರ್ಸ್ ಅಶ್ವದಳದ ಜೊತೆ ಬೆಂಗಳೂರಿಗೆ ಬಂದದ್ದು ನಿಜ. ಇಬ್ಬರು ಅಧಿಕಾರಿಗಳ ಜೊತೆ ಬಂಗಲೆ ಹಂಚಿಕೊಂಡಿದ್ದ. ಅವನೇ ಆಮೇಲೆ ಬರೆದುಕೊಂಡ ಬೆಂಗಳೂರಿನಲ್ಲಿ ಇರೋದು ಪೋಲೋ, ಗುಲಾಬಿ ತೋಟ, ಚಿಟ್ಟೆ ಹಿಡಿಯೋದು, ಮಧ್ಯಾಹ್ನದ ಬಿಸಿಲಲ್ಲಿ ಗಿಬ್ಬನ್ ಮತ್ತು ಮೆಕಾಲೆ ಓದೋದು. ಅದೇ ವರ್ಷ ನವೆಂಬರಿನಲ್ಲಿ ಪೋಲೋ ಆಡೋಕೆ ಸಿಕಂದರಾಬಾದಿಗೆ ಹೋದಾಗ ಪಮೇಲಾ ಪ್ಲೌಡನ್ ಪರಿಚಯವಾಗಿ, ಆಕೆಯೇ ತಾನು ನೋಡಿದವರಲ್ಲೆಲ್ಲ ಅತಿ ಚೆಲುವೆ ಅಂತ ತಾಯಿಗೆ ಕಾಗದ ಬರೆದಿದ್ದ. ಇನ್ನೊಂದು ದಾಖಲೆ ಬೆಂಗಳೂರು ಕ್ಲಬ್ಬಿನಲ್ಲಿದೆ. 1899ರ ಜೂನ್‌ನಲ್ಲಿ ವಸೂಲಾಗದ ಬಾಕಿ ಅಂತ ಬರೆದು ಕೈಬಿಟ್ಟ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಇದೆ.

ರೋಸ್ ಹ್ಯಾಮಿಲ್ಟನ್ ಕಥೆ ಸುಳ್ಳು ಅಂತ ನಾನು ಹೇಳ್ತಿಲ್ಲ. ಇಪ್ಪತ್ತೊಂದು ವರ್ಷದ ಹುಡುಗ, ಕುದುರೆ ಇದೆ, ಸಂಜೆ ಖಾಲಿ ಇದೆ, ಯಾವ ಊರಿಗಾದ್ರೂ ಹೋಗಿರಬಹುದು. ನನ್ನ ತಕರಾರು ಬೇರೆ. ಒಂದು ತಂಗುದಾಣವನ್ನ ನಾವು ಹೊಗಳುವಾಗ ಅದರ ಬಗ್ಗೆ ಏನೂ ಹೇಳ್ತಿಲ್ಲ, ಬಂದ ಅತಿಥಿಯ ಬಗ್ಗೆ ಮಾತ್ರ ಹೇಳ್ತಿದ್ದೀವಿ. ಅಲ್ಲಿ ಅಡುಗೆ ಮಾಡುತ್ತಿದ್ದವರು ಯಾರು, ರೈಲ್ವೆ ಸ್ಟೇಷನ್ನಿಂದ ಬಂದವರ ಪೆಟ್ಟಿಗೆ ಹೊತ್ತವರು ಯಾರು, ಅವರು ಪಟ್ಟಂದೂರು ಅಗ್ರಹಾರದವರೋ ಕಾಡುಗೋಡಿಯವರೋ? ಆ ಹೆಸರುಗಳು ಯಾವ ಲೇಖನದಲ್ಲೂ ನನಗೆ ಸಿಕ್ಕಿಲ್ಲ. ವಸೂಲಾಗದ 13 ರೂಪಾಯಿ ಉಳಿಸಿಹೋದವನ ಹೆಸರು ಮಾತ್ರ ಎಲ್ಲ ಕಡೆ ಇದೆ.

ವೇವರ್ಲಿ ಇನ್ ಈಗ ತಂಗುದಾಣ ಅಲ್ಲ. ಅಲ್ಲಿ ರೂಮು ಬುಕ್ ಮಾಡೋಕೆ ಆಗಲ್ಲ. ಅಂದ್ರೆ ಲಂಡನ್ನಿನ ಮ್ಯಾನೇಜರಿಗೆ ನಮ್ಮೂರ ಇನ್ ತೋರಿಸಬಹುದೇ ಹೊರತು ಮಲಗಿಸೋಕೆ ಆಗಲ್ಲ.

ಹಾಗಾದ್ರೆ ಬೆಂಗಳೂರಲ್ಲಿ ಇನ್ನೂ ನಡೆಯುತ್ತಿರೋ ಹಳೆಯದು? ಎಲ್ಲರೂ ಹೇಳೋದು ರೇಸ್ ಕೋರ್ಸ್ ಎದುರಿನ ವೆಸ್ಟ್ ಎಂಡ್. 1887ರಲ್ಲಿ ಮಿಸೆಸ್ ಬ್ರಾನ್ಸನ್ ಅನ್ನೋ ಹೆಂಗಸು ಹತ್ತು ರೂಮಿನ ಬೋರ್ಡಿಂಗ್ ಹೌಸ್ ಆಗಿ ಶುರುಮಾಡಿದ್ದು. 1912ರಲ್ಲಿ ಸ್ಪೆನ್ಸರ್ಸ್ ಕೈಗೆ ಬಂತು, 1984ರಲ್ಲಿ ತಾಜ್ ವಹಿಸಿಕೊಂಡಿತು. ಇಪ್ಪತ್ತು ಎಕರೆ ತೋಟ, ದೊಡ್ಡ ದೊಡ್ಡ ಮರ. ನಗರದ ಮಧ್ಯೆ ಇಷ್ಟು ಮರ ಉಳಿದಿರೋದಕ್ಕೇ ಅದಕ್ಕೆ ಒಂದು ನಮಸ್ಕಾರ ಹಾಕಬಹುದು. ಆದ್ರೆ ಹತ್ತು ರೂಮಿನ ಬೋರ್ಡಿಂಗ್ ಹೌಸ್ ಆಗಿದ್ದಾಗ ಅದು ಇನ್‌ಗೆ ಹತ್ತಿರ ಇತ್ತು. ನಡೆಸುವವಳು ಅಲ್ಲೇ ಇರುತ್ತಿದ್ದಳು, ಊಟ ಒಂದೇ ಅಡುಗೆಮನೆಯದು. ಇವತ್ತಿನದು ಒಳ್ಳೆಯ ಐಷಾರಾಮಿ ಹೋಟೆಲು. ಹಳೆಯದು ಅನ್ನೋದು ಅದರ ಗುಣಗಳಲ್ಲಿ ಒಂದು, ಅಷ್ಟೇ. ವೈಟ್‌ಫೀಲ್ಡಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗ್ ಇರೋರಿಗೆ ಅಲ್ಲಿಂದ ಬರೋದು ಇನ್ನೊಂದು ಪ್ರವಾಸ. ಮೆಟ್ರೋ 2023ರ ಅಕ್ಟೋಬರ್‌ನಲ್ಲಿ ಕಾಡುಗೋಡಿವರೆಗೂ ಒಂದೇ ಉಸಿರಿಗೆ ಓಡೋಕೆ ಶುರುವಾದ ಮೇಲೆ ಪರವಾಗಿಲ್ಲ. ಆದರೆ ಅಂಥ ರೂಮಿಗೆ ಅಷ್ಟು ದುಡ್ಡು ಕೊಟ್ಟವರು ಮೆಟ್ರೋದಲ್ಲಿ ನಿಂತುಕೊಂಡು ಬರ್ತಾರಾ ಅನ್ನೋದು ಬೇರೆ ಮಾತು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಹಳೆಯದನ್ನ ಹೊಗಳುವಾಗ ಅದರ ಬಾಗಿಲು ಯಾರಿಗೆ ತೆರೆದಿತ್ತು ಅಂತ ನಾವು ಕೇಳಲ್ಲ. 1868ರಲ್ಲಿ ಶುರುವಾದ ಬೆಂಗಳೂರು ಕ್ಲಬ್ ಮೊದಲ ದಶಕಗಳಲ್ಲಿ ಬ್ರಿಟಿಷ್ ಅಧಿಕಾರಿಗಳದ್ದು. ಆಗ ನಮ್ಮ ಅಜ್ಜಂದಿರು ಒಳಗೆ ಹೋಗುತ್ತಿದ್ದದ್ದು ತಟ್ಟೆ ಹಿಡಿದುಕೊಂಡು. ನಮ್ಮದೇ ಛತ್ರಗಳೇನು ಕಮ್ಮಿಯಿಲ್ಲ. ಎಷ್ಟೋ ಛತ್ರಗಳಲ್ಲಿ ಜಾತಿ ಕೇಳಿ ಪಂಕ್ತಿ ಹಾಕುತ್ತಿದ್ದರು, ಕೆಲವರಿಗೆ ಜಗುಲಿಯೂ ಇರಲಿಲ್ಲ. 'ಆಗಿನ ಆತಿಥ್ಯ ಎಂಥದ್ದು' ಅಂತ ನಿಟ್ಟುಸಿರು ಬಿಡುವ ಮೊದಲು ಆ ಸಾಲಿನಲ್ಲಿ ನಮಗೆ ಜಾಗ ಇರುತ್ತಿತ್ತಾ ಅಂತ ಒಮ್ಮೆ ನೋಡಿಕೊಳ್ಳಬೇಕು.

ಈ ಲೆಕ್ಕದಲ್ಲಿ ಹೊಸ ಹೋಟೆಲಿಗೆ ಸಲ್ಲಬೇಕಾದ ಮರ್ಯಾದೆ ನಾವು ಕೊಟ್ಟೇ ಇಲ್ಲ. ನೀವು ಗಮನಿಸಿದ್ದೀರೋ ಇಲ್ಲವೋ, ಈ ದೇಶದ ಬಜೆಟ್ ಹೋಟೆಲ್ ಇತಿಹಾಸದಲ್ಲಿ ವೈಟ್‌ಫೀಲ್ಡಿಗೆ ಒಂದು ಪುಟ ಇದೆ. ಟಾಟಾದವರ ಇಂಡಿಯನ್ ಹೋಟೆಲ್ಸ್ 2004ರಲ್ಲಿ 'ಇಂಡಿವನ್' ಅಂತ ಶುರುಮಾಡಿದ ಮೊದಲ ಹೋಟೆಲು ಇಲ್ಲೇ ಬಂದದ್ದು. ಅದೇ ಆಮೇಲೆ ಜಿಂಜರ್ ಆಯಿತು. ಮ್ಯಾನೇಜ್‌ಮೆಂಟ್ ಗುರು ಸಿ. ಕೆ. ಪ್ರಹ್ಲಾದ್ ಜೊತೆ ಕೂತು ಯೋಚಿಸಿದ ಯೋಜನೆ ಅದು. ಪೆಟ್ಟಿಗೆ ಹೊರಲು ಸಾಲುಗಟ್ಟಿ ಜನ ನಿಲ್ಲಲ್ಲ, ಅಮೃತಶಿಲೆಯ ಲಾಬಿ ಇಲ್ಲ. ಶುಚಿಯಾದ ಹಾಸಿಗೆ, ಬಿಸಿನೀರು, ಇಂಟರ್ನೆಟ್ಟು. ಶುರುವಿನಲ್ಲಿ ಬಾಡಿಗೆ ಸಾವಿರ ರೂಪಾಯಿಯೊಳಗೆ ಇತ್ತು. ಸೇಲ್ಸ್‌ನಲ್ಲಿ ಊರೂರು ತಿರುಗೋ ಹುಡುಗನಿಗೆ, ಮೊದಲ ಸಲ ಒಬ್ಬಳೇ ಆಫೀಸ್ ಕೆಲಸಕ್ಕೆ ಬಂದ ಹುಡುಗಿಗೆ, ತಿಗಣೆ ಇಲ್ಲದ, ಬಾಗಿಲು ಸರಿಯಾಗಿ ಚಿಲಕ ಹಾಕುವ ರೂಮು ಒಂದು ಹಕ್ಕು ಅಂತ ಅದು ಹೇಳಿತು. ಮೆಜೆಸ್ಟಿಕ್ಕಿನ ಲಾಡ್ಜುಗಳಲ್ಲಿ ಒಂಟಿ ಹೆಂಗಸಿಗೆ ರೂಮು ಕೇಳಿದರೆ ಕೌಂಟರಿನವನು ಮೇಲಿಂದ ಕೆಳಗೆ ನೋಡುತ್ತಿದ್ದ ಕಾಲ ನೆನಪಿದ್ದವರಿಗೆ ಇದು ಎಷ್ಟು ದೊಡ್ಡ ಬದಲಾವಣೆ ಅಂತ ಗೊತ್ತು. ಚಿಕ್ಕಪ್ಪನ ಮಗಳು ಇಂಟರ್‌ವ್ಯೂಗೆ ಬಂದಾಗ ನಾನು ಒಂದು ನಿಮಿಷವೂ ಯೋಚಿಸದೆ ಇಂಥದೇ ಒಂದು ಹೋಟೆಲ್ ಬುಕ್ ಮಾಡಿದ್ದೆ. ಅವಳಿಗೆ ಕ್ಯಾರೆಕ್ಟರ್ ಇರೋ ತೊಲೆ ಬೇಕಿರಲಿಲ್ಲ. ರಾತ್ರಿ ಹತ್ತಕ್ಕೆ ಯಾರೂ ಬಾಗಿಲು ತಟ್ಟಬಾರದಾಗಿತ್ತು.

ಅಂದಹಾಗೆ ಹಳೆಯ ಇನ್‌ಗೂ ಹೊಸ ಹೋಟೆಲಿಗೂ ನಾವು ಅಂದುಕೊಂಡಷ್ಟು ಜಗಳ ಇಲ್ಲ. ಲಂಡನ್ನಿನಲ್ಲಿ 1742ರಲ್ಲಿ ಬಿಯರ್ ಕಾಯಿಸೋಕೆ ಶುರುಮಾಡಿದ ಕಂಪನಿ ವಿಟ್‌ಬ್ರೆಡ್. ತಲೆಮಾರುಗಟ್ಟಲೆ ಪಬ್ಬುಗಳಿಗೆ ಬಿಯರ್ ಕೊಟ್ಟವರು. ಅವರು ಈಗಿನ ಶತಮಾನ ಶುರುವಾಗೋ ಹೊತ್ತಿಗೆ ಬಿಯರ್ ವ್ಯವಹಾರ ಮಾರಿ, ಪ್ರೀಮಿಯರ್ ಇನ್ ಅನ್ನೋ ಹೋಟೆಲ್ ಸರಣಿಯನ್ನೇ ಮುಖ್ಯ ದಂಧೆ ಮಾಡಿಕೊಂಡರು. ಆ ಪ್ರೀಮಿಯರ್ ಇನ್ ಕೆಲವು ವರ್ಷ ನಮ್ಮ ವೈಟ್‌ಫೀಲ್ಡಿಗೂ ಬಂದಿತ್ತು. ಅಂದ್ರೆ ವೇವರ್ಲಿ ಇನ್ ಮುಚ್ಚಿದ ಊರಿಗೇ ಇನ್ನೊಂದು ಇನ್ ಬಂತು, ಅದೂ ಪಬ್ಬಿನ ವಂಶದಿಂದ. ಆದ್ರೆ ಅದು ಬರುವಾಗ 'ಇನ್' ಅನ್ನೋದು ಬರೀ ಹೆಸರಾಗಿತ್ತು. 1952ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಶುರುವಾದ ಹಾಲಿಡೇ ಇನ್ ಕಥೆಯೂ ಅಷ್ಟೇ. ಹೆಸರು ಬಂದದ್ದು ಒಂದು ಸಿನಿಮಾದಿಂದ.

ಹಾಗಾದ್ರೆ ಹೆಸರು ಬಿಟ್ಟು ಇನ್ ಅಂದ್ರೆ ಏನು? ಇಂಗ್ಲೆಂಡಿನ ಕಾನೂನಿನಲ್ಲಿ ಇದಕ್ಕೊಂದು ಹಳೆಯ ಉತ್ತರ ಇದೆ. ದುಡ್ಡು ಕೊಡೋ ಸ್ಥಿತಿಯಲ್ಲಿರುವ, ನೆಟ್ಟಗಿರುವ ಯಾವ ಪ್ರಯಾಣಿಕ ಬಂದರೂ, ಜಾಗ ಇದ್ದರೆ ಇಲ್ಲ ಅನ್ನುವಂತಿಲ್ಲ. ಮುಂಗಡ ಮಾತುಕತೆ ಬೇಕಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದವನೂ ಅತಿಥಿಯೇ. ಇದರ ಜೊತೆ ಕೆಳಗಿನ ಪಬ್ಬು ಇನ್ನೊಂದು ಕೆಲಸ ಮಾಡುತ್ತಿತ್ತು. ಊರವರು ಸಂಜೆ ಅಲ್ಲಿ ಕೂರುತ್ತಿದ್ದರು. ಹೊರಗಿನವನು ರೂಮಿಂದ ಇಳಿದು ಬಂದರೆ ಊರಿನ ಮಧ್ಯೆಯೇ ಬಂದ ಹಾಗೆ. ತೊಲೆ, ಒಲೆ, ಚರ್ಚಿಲ್ ಎಲ್ಲ ಆಮೇಲೆ ಸೇರಿದ ಅಲಂಕಾರ.

ನಮ್ಮ ಭಾಷೆಯಲ್ಲಿ ಈ ಕೆಲಸ ಮೂರು ಪಾಲಾಗಿದೆ. ತಿನ್ನೋದು ಹೋಟ್ಲಲ್ಲಿ, ಮಲಗೋದು ಲಾಡ್ಜಲ್ಲಿ, ಕುಡಿಯೋದು ಬಾರಲ್ಲಿ. 'ಹೋಟ್ಲಿಗೆ ಹೋಗಿ ಬಂದೆ' ಅಂದ್ರೆ ಇಡ್ಲಿ ತಿಂದು ಬಂದೆ ಅಂತಲೇ ಅರ್ಥ, ಯಾರೂ ರಾತ್ರಿ ಉಳಿದೆ ಅಂದುಕೊಳ್ಳಲ್ಲ. ನಮ್ಮ ಕಡೆ ಊರವರೂ ಪರಸ್ಥಳದವರೂ ಒಂದೇ ಟೇಬಲ್ಲಿಗೆ ಬರುತ್ತಿದ್ದದ್ದು ಉಡುಪಿ ಹೋಟ್ಲಲ್ಲಿ. ಮಲಗೋಕೆ ಛತ್ರ. ಆ ಛತ್ರವೇ ನಮ್ಮ ಇನ್.

ಬೆಂಗಳೂರಿನಲ್ಲಿ ಅಂಥದ್ದು ಒಂದು ಇನ್ನೂ ನಿಂತಿದೆ. ಮೆಜೆಸ್ಟಿಕ್ ಹತ್ತಿರದ ತೋಟದಪ್ಪನವರ ಛತ್ರ. ಗುಬ್ಬಿಯ ವ್ಯಾಪಾರಿ ತೋಟದಪ್ಪನವರು ರೈಲಿಳಿದವರಿಗೆ ಅನುಕೂಲವಾಗಲಿ ಅಂತ ಸ್ಟೇಷನ್ನಿಗೆ ಹತ್ತಿರದಲ್ಲೇ ಜಾಗ ಕೊಂಡು ಕಟ್ಟಿಸಿದ್ದು. 1903ರಲ್ಲಿ ಶುರುವಾಯಿತು. ಜೊತೆಗೆ ಓದುವ ಹುಡುಗರಿಗೆ ಹಾಸ್ಟೆಲು. ನಮ್ಮ ಅಪ್ಪ ಪಿಯುಸಿ ಮುಗಿಸಿ ಕೆಲಸದ ಸಂದರ್ಶನಕ್ಕೆ ತಿಪಟೂರಿನಿಂದ ಮೊದಲ ಸಲ ಬೆಂಗಳೂರಿಗೆ ಬಂದಾಗ ಉಳಿದದ್ದು ಅಲ್ಲೇ. ಅಪ್ಪನ ಬಾಯಲ್ಲಿ ಆ ಛತ್ರದ ಗೋಡೆ, ಕಂಬದ ಬಗ್ಗೆ ಒಂದು ಮಾತೂ ನಾನು ಕೇಳಿಲ್ಲ. ಅವರಿಗೆ ನೆನಪಿರೋದು ಪಕ್ಕದಲ್ಲಿ ಮಲಗಿದ್ದ ಹಾಸನದ ಹುಡುಗ. ಅವನೂ ಅದೇ ಸಂದರ್ಶನಕ್ಕೆ ಬಂದಿದ್ದ. ಇಬ್ಬರೂ ಬೆಳಿಗ್ಗೆ ಒಂದೇ ಇಸ್ತ್ರಿ ಪೆಟ್ಟಿಗೆ ಬಾಡಿಗೆಗೆ ತಗೊಂಡಿದ್ದರು.

ಅದೇ ಅಪ್ಪ ಮೂರು ವರ್ಷದ ಹಿಂದೆ ಹೃದಯದ ತಪಾಸಣೆಗೆ ಬಂದಾಗ ಎರಡು ರಾತ್ರಿ ನಮ್ಮ ಕಡೆಯ ಒಂದು ಒಳ್ಳೆ ಹೋಟೆಲಲ್ಲಿ ಉಳಿದರು. ನಮ್ಮ ಮನೆ ನಾಲ್ಕನೇ ಮಹಡಿ, ಆಗ ಲಿಫ್ಟ್ ಕೆಟ್ಟಿತ್ತು. ಹೋಟೆಲಲ್ಲಿ ಯಾವ ಕೊರತೆಯೂ ಇರಲಿಲ್ಲ. ರಿಸೆಪ್ಷನ್ನಿನ ಹುಡುಗಿ ಹಿಂದಿಯಲ್ಲಿ ಶುರುಮಾಡಿದಳು, ಇಂಗ್ಲಿಷಿಗೆ ಬಂದಳು, ಅಪ್ಪ ಕನ್ನಡದಲ್ಲೇ ನಿಂತರು, ಕೊನೆಗೆ ಪೆಟ್ಟಿಗೆ ತರುವ ಹುಡುಗನನ್ನ ಕರೆದಳು. ಅವನು ಕೋಲಾರದವನು. ಲಿಫ್ಟಿನ ಪಕ್ಕ ಹಿತ್ತಾಳೆ ಅಕ್ಷರದಲ್ಲಿ 'ನಮಸ್ಕಾರ' ಅಂತ ಬರೆದಿತ್ತು. ಬೆಳಿಗ್ಗೆ ನಾನು ಹೋದಾಗ ಅಪ್ಪ ಹಾಸಿಗೆ ಮಡಿಸಿಟ್ಟು ಕುರ್ಚಿಯಲ್ಲಿ ಕೂತಿದ್ದರು. "ರೂಮು ಚೆನ್ನಾಗೈತೆ ಕಣೋ. ಕಿಟಕಿ ಒಂದು ತೆಗೆಯಾಕೆ ಬರಲ್ಲ. ರಾತ್ರಿ ಎದ್ದಾಗ ಯಾವೂರಲ್ಲಿದೀನಿ ಅಂತ್ಲೇ ತಿಳೀಲಿಲ್ಲ" ಅಂದ್ರು. ದೂರು ಹೇಳೋ ದನಿಯಲ್ಲಿ ಅಲ್ಲ, ಹವಾಮಾನ ಹೇಳೋ ದನಿಯಲ್ಲಿ.

ಹೊಸ ಹೋಟೆಲಿನ ಬಗ್ಗೆ ನನ್ನ ವಿಮರ್ಶೆಯೂ ಅಷ್ಟೇ. ಎಲ್ಲ ಸರಿಯಿದೆ, ಯಾವೂರು ಅಂತ ಮಾತ್ರ ತಿಳಿಯಲ್ಲ. ಗೇಟಿನಲ್ಲಿ ಕಾರಿನ ಕೆಳಗೆ ಕನ್ನಡಿ ಹಿಡಿಯುತ್ತಾರೆ, ನಡೆದುಕೊಂಡು ಬಂದವರನ್ನ ಎರಡು ಸಲ ಕೇಳುತ್ತಾರೆ. ಒಳಗೆ ಕಾಫಿ ಇದೆ, ಆದ್ರೆ ಆಚೆ ರಸ್ತೆಯಲ್ಲಿ ಅಂಗಡಿ ಇಟ್ಟವನು ಅಲ್ಲಿ ಬಂದು ಕಾಫಿ ಕುಡಿಯಲ್ಲ. ಇಡ್ಲಿ ಕೂಡ 'ಲೈವ್ ಕೌಂಟರ್'ನಲ್ಲಿ ಬರುತ್ತೆ. ರಸ್ತೆಯಲ್ಲಿ ಅದೇ ಇಡ್ಲಿಯನ್ನ ಐವತ್ತು ಜನ ನಿಂತು ತಿಂತಿರುತ್ತಾರೆ. ಈ ಎರಡು ಇಡ್ಲಿಗಳ ಮಧ್ಯೆ ಒಂದು ಗೋಡೆ ಇದೆ. ವೇವರ್ಲಿ ಇನ್ ಕಾಲದಲ್ಲೂ ಗೋಡೆ ಇತ್ತು, ಆಗ ಅದು ಬಣ್ಣದ್ದು. ಈಗ ಬಿಲ್ಲಿನದ್ದು. ಬಿಲ್ಲಿನ ಗೋಡೆ ಎಷ್ಟೋ ವಾಸಿ, ದುಡ್ಡು ಸಂಪಾದಿಸಿದವರು ದಾಟಬಹುದು. ಆದರೂ ಗೋಡೆ ಗೋಡೆಯೇ.

ಇಷ್ಟಾದ ಮೇಲೆ, ಇನ್ ಅನ್ನೋದು ನಮ್ಮ ಹೊರವಲಯದಲ್ಲಿ ಸತ್ತೇ ಹೋಯಿತಾ? ಇಲ್ಲ. ಫಿಲ್ಟರ್ ತೋರಿಸೋ ಜಾಗದಲ್ಲಿ ಇಲ್ಲ, ಅಷ್ಟೇ. ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಬನ್ನಿ. ನಾರಾಯಣ ಆಸ್ಪತ್ರೆಯ ಸುತ್ತಲಿನ ಗಲ್ಲಿಗಳಲ್ಲಿ ಬಂಗಾಳಿ ಬೋರ್ಡುಗಳು. ಮಗುವಿನ ಹೃದಯಕ್ಕೋ ತಾಯಿಯ ಹೃದಯಕ್ಕೋ ಚಿಕಿತ್ಸೆ ಕೊಡಿಸೋಕೆ ಪಶ್ಚಿಮ ಬಂಗಾಳ, ಬಾಂಗ್ಲಾದೇಶದಿಂದ ಬಂದವರು ವಾರಗಟ್ಟಲೆ ಇಲ್ಲಿ ಇರುತ್ತಾರೆ. ಅವರಿಗಾಗಿ ಎದ್ದಿರುವ ಸಣ್ಣ ಲಾಡ್ಜುಗಳು, ಗೆಸ್ಟ್ ಹೌಸುಗಳು. ರೂಮಿನ ಜೊತೆ ಒಂದು ಗ್ಯಾಸ್ ಒಲೆ, ಎರಡು ಪಾತ್ರೆ. ಕೆಳಗಿನ ಅಂಗಡಿಯಲ್ಲಿ ಸಾಸಿವೆ ಎಣ್ಣೆ, ಮೀನು. ವೈಟ್‌ಫೀಲ್ಡಿನಲ್ಲೂ 2001ರಲ್ಲಿ ಸತ್ಯಸಾಯಿ ಆಸ್ಪತ್ರೆ ಬಂದ ಮೇಲೆ ಅದರ ಸುತ್ತ ಇಂಥದೇ ರೂಮುಗಳು ಹುಟ್ಟಿಕೊಂಡವು. ಅಲ್ಲಿ ಚಿಕಿತ್ಸೆ ಉಚಿತ, ಆದ್ರೆ ಜೊತೆಗೆ ಬಂದವರು ಎಲ್ಲಾದರೂ ಮಲಗಬೇಕಲ್ಲ?

ಅಪ್ಪನ ಎರಡನೇ ತಪಾಸಣೆ ಹೊತ್ತಿಗೆ, ಅವರೇ ಹಟ ಹಿಡಿದದ್ದಕ್ಕೆ, ಇಂಥದ್ದೇ ಒಂದು ಗೆಸ್ಟ್ ಹೌಸಲ್ಲಿ ನಾನೂ ಅವರ ಜೊತೆ ಮೂರು ರಾತ್ರಿ ಇದ್ದೆ. ಸುಂದರ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಗೋಡೆಗೆ ತೇವ, ನೀರು ಬೆಳಿಗ್ಗೆ ಎರಡು ಗಂಟೆ ಮಾತ್ರ, ಫೈರ್ ಎಕ್ಸಿಟ್ ಅನ್ನೋ ಮಾತೇ ಇಲ್ಲ. ಲಿಫ್ಟ್ ಇಲ್ಲದಿದ್ದರೂ ರೂಮು ನೆಲಮಹಡಿಯಲ್ಲಿತ್ತು. ಪಕ್ಕದ ರೂಮಿನಲ್ಲಿ ಮಾಲ್ದಾದಿಂದ ಬಂದ ಗಂಡ-ಹೆಂಡತಿ, ಎಂಟು ವರ್ಷದ ಮಗನಿಗೆ ಆಪರೇಷನ್ ಆಗೋದಿತ್ತು. ಅಪ್ಪನಿಗೆ ಹಿಂದಿ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಎರಡನೇ ದಿನ ಸಂಜೆ ಆ ತಾಯಿ ಒಂದು ಬಟ್ಟಲಲ್ಲಿ ಅನ್ನದ ಪಾಯಸ ತಂದು ಕೊಟ್ಟರು. ಅಪ್ಪ ಸಕ್ಕರೆ ಕಾಯಿಲೆ ಮರೆತು ಎರಡು ಚಮಚ ತಿಂದರು. ಓನರ್ ಆಂಟಿ ಕೆಳಗಿನ ಮನೆಯಲ್ಲೇ ಇರೋದು, ಹೊಸೂರು ಕಡೆಯವರು. ರಾತ್ರಿ ಒಂದೂವರೆಗೆ ರೈಲು ಲೇಟಾಗಿ ಬಂದ ಯಾರಿಗೋ ಬೈದುಕೊಂಡೇ ಬಾಗಿಲು ತೆಗೆದು, ಬೈದುಕೊಂಡೇ ಟೀ ಮಾಡಿ ಕೊಟ್ಟದ್ದು ನನಗೆ ಕೇಳಿಸುತ್ತಿತ್ತು.

ಇಂಗ್ಲೆಂಡಿನ ಹಳೆಯ ಕಾನೂನು ಹೇಳೋ ಇನ್ ಇದೇ ಅಲ್ವಾ? ಹೊತ್ತಲ್ಲದ ಹೊತ್ತಿಗೆ ಬಂದವರಿಗೆ ಬಾಗಿಲು, ನಡೆಸುವವರು ಅದೇ ಸೂರಿನಡಿ, ಪರಸ್ಥಳದವರು ಒಬ್ಬರ ಮುಖ ಒಬ್ಬರು ನೋಡುವ ಜಾಗ. ಇದಕ್ಕೆ ಫಲಕ ಇಲ್ಲ, ಲೇಖನ ಇಲ್ಲ, ಸ್ಟಾರ್ ಇಲ್ಲ.

ಇದನ್ನ ರಮ್ಯ ಮಾಡೋಕೆ ನನಗೆ ಇಷ್ಟ ಇಲ್ಲ. ಬಡವರ ತಂಗುದಾಣದಲ್ಲಿ ಪ್ರೀತಿ ಇರುತ್ತೆ ಅಂತ ಬರೆದು ಮುಗಿಸೋದು ಸುಲಭ. ಆ ಮಾಲ್ದಾದ ತಾಯಿಗೆ ಕೈಯಲ್ಲಿ ದುಡ್ಡಿದ್ದಿದ್ದರೆ ಬಿಸಿನೀರು ಇಡೀ ದಿನ ಬರುವ ಹೋಟೆಲಿಗೇ ಹೋಗುತ್ತಿದ್ದರು, ಹೋಗಲೂಬೇಕು. ಹಾಗಾಗಿ ನನ್ನ ವಿಮರ್ಶೆ ಎರಡೂ ಕಡೆ ಹೋಗುತ್ತೆ. ಹೊಸ ಹೋಟೆಲಿಗೆ ಗೊತ್ತಿರುವ ಶುಚಿ, ಸುರಕ್ಷತೆ ಈ ಗಲ್ಲಿಗಳಿಗೆ ಬರಬೇಕು. ತೇವದ ಗೋಡೆಗೂ ಫೈರ್ ಎಕ್ಸಿಟ್ಟಿಗೂ ಪಾಲಿಕೆಯವರು ಬಂದು ನೋಡಬೇಕು. ಈ ಗಲ್ಲಿಗೆ ಗೊತ್ತಿರುವ ಒಂದು ವಿಷಯ ಹೊಸ ಹೋಟೆಲಿಗೂ ಹೋಗಬೇಕು. ಅದು ತೆಗೆಯೋಕೆ ಬರುವ ಕಿಟಕಿಯಷ್ಟು, ಕನ್ನಡದಲ್ಲಿ ಮಾತು ಶುರುಮಾಡುವಷ್ಟು, ರಸ್ತೆಗೆ ಬಾಗಿಲಿರುವ ಒಂದು ಕಾಫಿ ಅಂಗಡಿಯಷ್ಟು ಸಣ್ಣದು.

ಇನ್ನು ಆಯ್ಕೆಯ ಪ್ರಶ್ನೆಗೆ ನನ್ನ ಉತ್ತರ. ಆಫೀಸ್ ಕೆಲಸಕ್ಕೆ ಎರಡು ದಿನ ಬರೋರು, ಒಂಟಿಯಾಗಿ ಬರೋ ಹೆಣ್ಣುಮಕ್ಕಳು, ನಿದ್ದೆ ಮುಖ್ಯ ಅನ್ನೋರು: ಕಣ್ಣುಮುಚ್ಚಿ ಹೊಸ ಹೋಟೆಲ್. ಹೆರಿಟೇಜ್ ಸಿಕ್ಕಲಿಲ್ಲ ಅಂತ ಕೊರಗಬೇಡಿ. ಲಂಡನ್ನಿನ ಮ್ಯಾನೇಜರಿಗೆ ಇತಿಹಾಸ ಬೇಕೇ ಬೇಕು ಅಂದ್ರೆ, ಉಳಿಯೋದು ವೈಟ್‌ಫೀಲ್ಡಲ್ಲೇ ಇರಲಿ. ಭಾನುವಾರ ಬೆಳಿಗ್ಗೆ ಇನ್ನರ್ ಸರ್ಕಲ್ ಒಂದು ಸುತ್ತು ನಡೆಸಿ. ಚರ್ಚಿಲ್ ಕಥೆ ಹೇಳಿ, ಅದರ ಹಿಂದೆಯೇ 13 ರೂಪಾಯಿ ಕಥೆಯನ್ನೂ ಹೇಳಿ. ಮಧ್ಯಾಹ್ನ ಮೆಟ್ರೋ ಹತ್ತಿಸಿ ಮೆಜೆಸ್ಟಿಕ್ಕಿಗೆ ಕರೆದುಕೊಂಡು ಹೋಗಿ ತೋಟದಪ್ಪನ ಛತ್ರದ ಮುಂದೆ ನಿಲ್ಲಿಸಿ. ನಿಮ್ಮ ದೇಶದ ಇನ್‌ಗೆ ಪಬ್ಬು ಇತ್ತು, ನಮ್ಮದಕ್ಕೆ ಹಾಸ್ಟೆಲ್ ಇತ್ತು ಅಂತ ಹೇಳಿ. ಆತನಿಗೆ ಅರ್ಥವಾಗುತ್ತೆ.

ವಯಸ್ಸಾದವರು ಆಸ್ಪತ್ರೆಗೆ ಬರುತ್ತಿದ್ದಾರೆ ಅಂದ್ರೆ ಅವರನ್ನೇ ಕೇಳಿ. ಬಹಳ ಜನ ನಾವು ಅವರಿಗಾಗಿ ಒಳ್ಳೆಯದನ್ನ ಆರಿಸಿಬಿಡುತ್ತೇವೆ, ಅವರಿಗೆ ಏನು ಬೇಕು ಅಂತ ಕೇಳಲ್ಲ. ಕೆಲವರಿಗೆ ಬಿಸಿನೀರು ಬೇಕು, ಕೆಲವರಿಗೆ ಮಾತಾಡೋಕೆ ಪಕ್ಕದ ರೂಮು ಬೇಕು.

ಇನ್ನೊಂದು ಕೋರಿಕೆ, ಇದು ಬುಕಿಂಗಿಗೆ ಸಂಬಂಧಿಸಿದ್ದಲ್ಲ. ನಾವು ಇಲ್ಲಿ ಹತ್ತು ಹದಿನೈದು ವರ್ಷದಿಂದ ಸಂಬಳ ತಗೊಳ್ತಿದ್ದೀವಿ. ಇನ್ನರ್ ಸರ್ಕಲ್ಲಿನ ಹಳೆಯ ಬಂಗಲೆಗಳಲ್ಲಿ ಉಳಿದಿರೋದು ಕೆಲವೇ ಕೆಲವು. ಅವನ್ನ ಉಳಿಸಿ ಅಂತ ಅರ್ಜಿ ಬಂದಾಗ ಖಂಡಿತ ಸಹಿ ಹಾಕಿ. ಆದ್ರೆ ಬೊಮ್ಮಸಂದ್ರದ ಗಲ್ಲಿಯ ಲಾಡ್ಜುಗಳನ್ನ 'ಅನಧಿಕೃತ' ಅಂತ ಒಂದೇ ದಿನದಲ್ಲಿ ಖಾಲಿ ಮಾಡಿಸೋ ಸುದ್ದಿ ಯಾವತ್ತಾದರೂ ಬಂದರೆ, ಆವತ್ತೂ ಒಂದು ಅರ್ಜಿ ಬರೆಯೋಕೆ ಕೂತುಕೊಳ್ಳಿ. ಖಾಲಿ ಮಾಡಿಸುವ ಮೊದಲು ಆ ಜನ ಆ ರಾತ್ರಿ ಎಲ್ಲಿ ಮಲಗಬೇಕು ಅಂತ ಕೇಳಿ. ಗುಬ್ಬಿಯ ಒಬ್ಬ ವ್ಯಾಪಾರಿ ನೂರಿಪ್ಪತ್ತು ವರ್ಷದ ಹಿಂದೆ ರೈಲ್ವೆ ಸ್ಟೇಷನ್ ಮುಂದೆ ನಿಂತು ಕೇಳಿಕೊಂಡ ಪ್ರಶ್ನೆಯೂ ಇದೇ ಇದ್ದಿರಬೇಕು.